ಕಲಾಯಿಗೆ ಹೋದ ಡ್ರ್ಯಾಗನ್

ಕಲಾಯಿಯವನ ನವಸಾಗರದ ಪುಡಿಯ ಹೊಗೆ ಮೂಗಿಗೆ ಬಡಿದರೆ ಇವತ್ತಿಗೂ ನನಗೆ ಅಕ್ಕನ ಮೇಲೆ ಸಿಟ್ಟು ಬರುತ್ತದೆ.

ಅಪ್ಪ ಪೀಣ್ಯದ ಗುಜರಿ ಅಂಗಡಿಯಿಂದ ಹಳೇ ಕಾಲದ ತವರದ ಗೊಂಬೆಗಳನ್ನು ತಂದುಕೊಟ್ಟಿದ್ದರು. ವೀಳ್ಯದೆಲೆಯಂತೆ ಚಪ್ಪಟೆಯಾದ ಸೈನಿಕರು, ಒಬ್ಬ ಮಾಂತ್ರಿಕ, ಒಂದು ಡ್ರ್ಯಾಗನ್. ಮಹದೇವಪುರದ ನಮ್ಮ ಮನೆಯ ಜಗಲಿಯಲ್ಲಿ ಚೌಕಾಬಾರದ ಹಾಗೆ ಮನೆ ಬರೆದು, ಕವಡೆ ಹಾಕಿ, ನಾನೂ ಅಕ್ಕನೂ ಯುದ್ಧ ಆಡುತ್ತಿದ್ದೆವು. ಸತ್ತ ಗೊಂಬೆ ಗೆರೆಯಾಚೆ ಮಲಗಬೇಕು ಎಂಬ ನಿಯಮ ಅಕ್ಕನದೇ. ಆ ಮಧ್ಯಾಹ್ನ ಮೊದಲ ಸಲ ನಾನು ಗೆಲ್ಲುತ್ತಿದ್ದೆ. ನನ್ನ ಡ್ರ್ಯಾಗನ್ ಅವಳ ಕೋಟೆಯ ಬಾಗಿಲಲ್ಲಿತ್ತು.

ಅಂಗಳದಲ್ಲಿ ನಮ್ಮ ಹಿತ್ತಾಳೆ ಪಾತ್ರೆಯ ಒಳಮೈಗೆ ತವರ ಬಳಿಯುವ ಕಲಾಯಿ ನಡೆದಿತ್ತು.

"ತವರ ಸಾಲ್ತಾ ಇಲ್ಲಮ್ಮಾ," ಎಂದ ಕಲಾಯಿಯವನು.

ಅಜ್ಜಿ ನಮ್ಮತ್ತ ತಿರುಗಿದಳು. "ನಿಮ್ಮಲ್ಲಿ ಬ್ಯಾಡ್ದಿರೋದು ಯಾವ್ದಾದ್ರೂ ಇದ್ರೆ ಕೊಡ್ರಪ್ಪಾ."

ನಾನು ಕವಡೆ ಕುಲುಕುತ್ತಿದ್ದೆ. ಅಕ್ಕ ನನ್ನ ಡ್ರ್ಯಾಗನ್ನನ್ನು ಎತ್ತಿ ಅಜ್ಜಿಯ ಅಂಗೈಯಲ್ಲಿ ಇಟ್ಟಳು. "ಇದು ಸತ್ತೋಗಿದೆ ಅಜ್ಜಿ, ತಗೋ."

"ಇಲ್ಲಜ್ಜಿ, ಅದಿನ್ನೂ ಬದ್ಕಿದೆ," ಎನ್ನುತ್ತಾ ನಾನು ಅಜ್ಜಿಯ ಹಿಂದೆಯೇ ಓಡಿದೆ.

"ದೊಡ್ಡವ್ಳು ಸುಳ್ಳು ಏಳ್ತಾಳಾ?" ಎಂದು ಅಜ್ಜಿ ಅದನ್ನು ಕಾದ ಪಾತ್ರೆಗೆ ಹಾಕಿದಳು. ಮೊದಲು ರೆಕ್ಕೆ ಕರಗಿತು. ಕರಗಿದ್ದನ್ನು ಕಲಾಯಿಯವನು ಹತ್ತಿಯಿಂದ ಪಾತ್ರೆಯ ಒಳಗೆಲ್ಲ ಉಜ್ಜಿದ.

ಸಂಜೆ ಆ ಬೆಳ್ಳಗಿನ ಪಾತ್ರೆಯಿಂದ ಅಕ್ಕ ನನಗೆ ಸಾರು ಬಡಿಸಿದಳು.

"ಆಟ ಇನ್ನೂ ಮುಗ್ದಿಲ್ಲ ಕಣೋ," ಎಂದಳು. "ಈಗ ನಿಂದೇ ಸರದಿ."