ಉಕ್ತಲೇಖನ

ನಾಲ್ಕನೆಯ ಚೀಟಿಯೂ ಬಾಗಿಲ ಸಂದಿಯಲ್ಲೇ ಸಿಕ್ಕಿತು. ಟೀಚರಮ್ಮ ಬಗ್ಗಿ ಅದನ್ನು ಎತ್ತಿಕೊಂಡ ರೀತಿಯಲ್ಲಿ ಹೆದರಿಕೆಗಿಂತ ಸೊಂಟನೋವೇ ಹೆಚ್ಚು ಕಾಣುತ್ತಿತ್ತು.

'ಎಚ್ಛರಿಕೆ. ಹತ್ತು ದಾಟಿದ ಹೆಣ್ಣು ಮನೆಯೊಳಗಿರಬೇಕು. ಇದು ದೇವರ ಮಾತು. ಸೋಮವಾರದೊಳಗೆ ಶಾಲೆ ಮುಚ್ಚದಿದ್ದರೆ ಬೆಂಕಿಗೆ ನಾವು ಹೊಣೆಯಲ್ಲ.'

"ಏನಂತೆ?" ಪೊರಕೆ ಹಿಡಿದೇ ಆಯಾ ಕೇಳಿದಳು. ಅವಳಿಗೆ ಓದು ಬಾರದು.

"ಅದೇ ಹಳೇ ರಾಗ."

"ಹೊಸ ರಾಗ ಕಲಿಯೋಕೂ ಸ್ಕೂಲಿಗೆ ಬರ್ಬೇಕಲ್ಲ, ಪಾಪ!"

ಹಿಟ್ಟಿನ ಗಿರಣಿಯ ಹಿಂದಿನ ಒಂದೇ ಒಂದು ಕೋಣೆ ಆ ಶಾಲೆ. ಬೋರ್ಡು ಒರೆಸಿದರೆ ಉದುರುವುದು ಸುಣ್ಣವೋ ಹಿಟ್ಟೋ ಗೊತ್ತಾಗದು. ತೆರೆದು ಎರಡು ವರ್ಷ. ಹತ್ತೊಂಬತ್ತು ಹುಡುಗಿಯರು. ಈವರೆಗೆ ಒಬ್ಬಳೂ ಬಿಟ್ಟಿರಲಿಲ್ಲ.

ಬಾಗಿಲ ಪಕ್ಕದ ಬೆಂಚಿನಲ್ಲಿ ಟೀಚರಮ್ಮನ ಅಪ್ಪ ಕೂತಿದ್ದ. ಮೊದಲ ಚೀಟಿ ಬಂದಂದಿನಿಂದ ಬೆಳಿಗ್ಗೆ ಬೀಗ ತೆಗೆಯುವುದು, ದಿನವಿಡೀ ಕಾವಲು ಕೂರುವುದು, ಸಂಜೆ ಮಗಳನ್ನು ಮನೆಗೆ ಕರೆದೊಯ್ಯುವುದು ಎಲ್ಲ ಅವನದೇ. ಚೀಟಿ ಇಸಿದುಕೊಂಡು ಜೇಬು ತಡಕಿದ. ಕನ್ನಡಕ ಮನೆಯಲ್ಲೇ ಉಳಿದಿತ್ತು. ಮಡಚಿ ಅವಳ ಕೈಗಿತ್ತ.

"ಮುಚ್ಚಿಬಿಡು ಮಗಳೇ. ಸೋಮವಾರ ಅಂದ್ರೆ ಸೋಮವಾರವೇ. ಬರೆದೋರು ಮಾತಿಗೆ ತಪ್ಪೋ ಪೈಕಿ ಅಲ್ಲ."

"ಮುಚ್ಚಿದ್ರೆ ಈ ಮಕ್ಕಳಿಗೆ ನಾಳೆ ಒಲೆ, ನಾಡಿದ್ದು ಮದುವೆ. ಹೇಗಪ್ಪ ಮುಚ್ಚಲಿ?"

"ನಿನಗೇನಾದ್ರೂ ಆದ್ರೆ ನನಗ್ಯಾರಿದ್ದಾರೆ? ಒಂದು ಗಂಡು ಅಂತ ಇದ್ದಿದ್ರೆ ಬೇರೆ ಮಾತು."

ಆ ಮಾತು ಅವಳಿಗೆ ಹೊಸದಲ್ಲ. ಪ್ರಾರ್ಥನೆಯ ಸಭೆಯಲ್ಲಿ ಗಂಡುಮಕ್ಕಳ ತಂದೆಯರು ಮುಂದೆ ಕೂರುತ್ತಿದ್ದರು. ಬರೀ ಹೆಣ್ಣು ಹೆತ್ತವರಿಗೆ ಚಪ್ಪಲಿ ಬಿಡುವ ಜಾಗದ ಪಕ್ಕ. ಮೂವತ್ತು ವರ್ಷ ಅಪ್ಪ ಅಲ್ಲೇ ಕೂತು ಬಂದವನು. ಈಚೆಗೆ ಅವನನ್ನು ಎರಡನೇ ಸಾಲಿಗೆ ಕರೆದು ಕೂರಿಸಿಕೊಂಡಿದ್ದಾರಂತೆ. ಮುಪ್ಪಿಗಾದರೂ ಮರ್ಯಾದೆ ಸಿಕ್ಕಿತಲ್ಲ ಎಂದು ಅವಳೂ ಸಮಾಧಾನಪಟ್ಟಿದ್ದಳು.

ಅವಳ ನಿದ್ದೆ ಕೆಡಿಸಿದ್ದು ಬೇರೆಯೇ. ಧರ್ಮ ಕಾಯುತ್ತೇವೆಂದು ಚೀಟಿ ಹಾಕುತ್ತಿದ್ದ, ಆ ಸಭೆಯದೇ ಒಂದು ಗುಂಪಿನಲ್ಲಿ ನೆಟ್ಟಗೆ ಸಹಿ ಹಾಕಬಲ್ಲವರೇ ಮೂರು ಮತ್ತೊಂದು. ಅವರ ಮನೆಗಳಲ್ಲಿ ಅರ್ಜಿಯೋ ಕಾಗದವೋ, ಬರೆಯುವುದೆಲ್ಲ ಅವಳ ಹುಡುಗಿಯರೇ. ಅಂದರೆ ಯಾವುದೋ ಅಪ್ಪ ಹೇಳುತ್ತಿದ್ದಾನೆ, ಯಾವುದೋ ಮಗಳು ತಲೆ ತಗ್ಗಿಸಿ ಬರೆಯುತ್ತಿದ್ದಾಳೆ. ಆ ಮಗು ಯಾವುದೆಂದು ತಿಳಿದರೆ ಸಾಕು. ಅದರ ಮನೆಗೆ ಹೋಗಿ, ಅಮ್ಮನ ಕಾಲು ಹಿಡಿದಾದರೂ ಸೋಮವಾರವನ್ನು ತಪ್ಪಿಸಬಹುದು.

"ಪುಸ್ತಕ ತೆಗೀರಿ. ಉಕ್ತಲೇಖನ."

"ಅಯ್ಯೋ, ಟೀಚರ್!"

"ಅಯ್ಯೋ ಅಂತಾನೂ ಬರ್ಕೊಳ್ಳಿ. ಅದೇ ಮೊದಲ್ನೇ ಪದ."

ಆಮೇಲಿನವೆಲ್ಲ ಚೀಟಿಯ ಪದಗಳೇ, ಹಿಂದು ಮುಂದಾಗಿ. ಬೆಂಕಿ. ಹೊಣೆ. ದೇವರು. ಹೊರಗೆ ಬೆಂಚು ಕಿರುಗುಟ್ಟಿತು.

ಮಧ್ಯಾಹ್ನ ಮಕ್ಕಳು ಬುತ್ತಿ ಬಿಚ್ಚಿದಾಗ ಅವಳು ಚೀಟಿಯನ್ನು ಮೇಜಿನ ಖಾನೆಯಲ್ಲಿ ಹರಡಿಟ್ಟು, ಒಂದೊಂದೇ ಪುಸ್ತಕವನ್ನು ಪಕ್ಕಕ್ಕೆ ಹಿಡಿದಳು, ಕೆಂಪು ಪೆನ್ನಿನಿಂದ ತಿದ್ದುತ್ತ. ಚೀಟಿಯ ಅಕ್ಷರ ಬೇಕೆಂದೇ ಸೊಟ್ಟ ಮಾಡಿದ್ದು. ಆದರೆ ತಲೆಕಟ್ಟು ಎಳೆಯುವಾಗಿನ ನಡುಕ ಬೇಕೆಂದು ಬರುವಂಥದ್ದಲ್ಲ. ಪುಸ್ತಕಗಳಲ್ಲಿ ಗುಂಡಕ್ಷರವಿತ್ತು, ಕೋಳಿಕಾಲಿತ್ತು, ಇರುವೆ ಸಾಲಿತ್ತು. ಆ ನಡುಕ ಒಂದರಲ್ಲೂ ಇರಲಿಲ್ಲ.

ನನ್ನ ಮಕ್ಕಳಲ್ಲ. ಅವಳು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು. ಎಷ್ಟೋ ದಿನದ ದಣಿವು ಒಮ್ಮೆಗೇ ಇಳಿದಂತಾಯಿತು.

"ಟೀಚರ್, ನಂದು ತಪ್ಪಲ್ಲ."

ಹೋದ ವಾರವಷ್ಟೇ ಬೇರೆ ಊರಿಂದ ಬಂದು ಸೇರಿದ ಹುಡುಗಿ. ಪುಸ್ತಕ ಮುಂದೆ ಚಾಚಿ ನಿಂತಿದ್ದಳು. "ಎಚ್ಚರಿಕೆ. ಇದಕ್ಕೆ ಯಾಕೆ ಕೆಂಪು ಹೊಡೆದಿದೀರ?"

"ಛ ಒತ್ತು ಬರ್ಬೇಕು ಕಂದ. ಉಳಿದ ಹದಿನೆಂಟು ಜನ ಹಾಗೇ ಬರೆದಿಲ್ವಾ?"

"ನೀವು ಹೇಳ್ಕೊಟ್ಟಿದ್ದಕ್ಕೆ ಬರೆದಿದ್ದಾರೆ. ಅದು ಅಲ್ಪಪ್ರಾಣ, ಟೀಚರ್. ಬರೀ ಚ ಒತ್ತು. ನಿಘಂಟು ನೋಡಿ ಬೇಕಾದ್ರೆ."

"ನಮ್ಮ ಪ್ರಾಣ ಯಾವುದು ಪುಟ್ಟಿ, ಅಲ್ಪಾನಾ ಮಹಾನಾ?" ಆಯಾ ಆಚೆಯಿಂದ ನಕ್ಕಳು.

ನಿಘಂಟು ತೆರೆದದ್ದಾಯಿತು. ಹುಡುಗಿಯದೇ ಸರಿ. ಅಚ್ಚಿನಲ್ಲಿ ನೂರು ಸಲ ಕಂಡಿರಬೇಕಾದ ಪದ. ಕಣ್ಣು ತನಗೆ ಬೇಕಾದಂತೆ ಓದಿಕೊಂಡು ಬಂದಿತ್ತು, ಇಷ್ಟು ವರ್ಷ. ಟೀಚರಮ್ಮ ನಾಚಿಕೆಯಿಂದಲೇ ಕೆಂಪು ಗೆರೆಯ ಮೇಲೆ ಸರಿ ಗುರುತು ಹಾಕಿ, ಹುಡುಗಿಯ ಕೆನ್ನೆ ತಟ್ಟಿ ಕಳಿಸಿದಳು.

ಆಮೇಲೆ ಖಾನೆ ಎಳೆದು ಚೀಟಿ ನೋಡಿದಳು. ಮೊದಲ ಪದ. ಛ ಒತ್ತು.

ಆ ಪದವನ್ನು ಹಾಗೆ ಯಾರು ಬರೆಯುತ್ತಾರೆ? ಅವಳು ಬರೆಯುತ್ತಾಳೆ. ಅವಳಿಂದ ಕಲಿತವರು ಬರೆಯುತ್ತಾರೆ. ಅವರದಲ್ಲವೆಂದು ಈಗಷ್ಟೇ ನೋಡಿದ್ದಾಯಿತು. ಇನ್ನುಳಿಯುವುದು, ಅವಳಿಗೆ ಕಲಿಸಿದವರು.

"ತುಂಬ ಸುಸ್ತಾಗಿದೀಯ," ಬಾಗಿಲಿಂದ ದನಿ ಬಂತು. "ಸಾಕು ಏಳು ಮಗಳೇ, ಬೀಗ ಹಾಕೋಣ."

ಹೆಣ್ಣಿಗ್ಯಾಕೆ ಅಕ್ಷರ ಎಂದು ಬೀದಿಗೆ ಬೀದಿಯೇ ನಕ್ಕಾಗ, ಆರು ವರ್ಷದ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬೆರಳು ಹಿಡಿದು, ಸ್ಲೇಟಿನ ಮೇಲೆ ಆ ಪದವನ್ನು ಹಾಗೆ ತಿದ್ದಿಸಿದ್ದು ಅಪ್ಪ.