ಆಮಿನ್ ಎನ್ನುವವರು

ಉಲ್ಕನ್ ಮುದುಕಿ ವಿಮಾನದ ಬಾಗಿಲಲ್ಲಿ ಬೊಗಸೆಯೊಡ್ಡಿ ನಿಂತಿದ್ದಳು. ನಡೆಸುವವನನ್ನು ಹರಸಬೇಕು, ಅವನು ಆಮಿನ್, ಹಾಗೇ ಆಗಲಿ, ಎಂದು ಮುಖ ಸವರಿಕೊಳ್ಳಬೇಕು. ನಾರಿನ್ ಕಣಿವೆಯಲ್ಲಿ ಆಮೇಲೆಯೇ ಪ್ರಯಾಣ. ಈ ಪುಟ್ಟ ವಿಮಾನದಲ್ಲಿ ಪೈಲಟ್ ಸೀಟೇ ಇರಲಿಲ್ಲ. ಇದ್ದದ್ದು ಒಂದೇ ಸ್ಟ್ರೆಚರ್, ಅದರ ಮೇಲೆ ತುಂಬು ಗರ್ಭಿಣಿ ಸೊಸೆ ಬುರುಲ್. ರಕ್ತಸ್ರಾವ ನಿಂತಿರಲಿಲ್ಲ. ಪಟ್ಟಣದ ಆಸ್ಪತ್ರೆಗೆ ಹೋಗುವ ರಸ್ತೆ ಹಿಮದಲ್ಲಿ ಮುಚ್ಚಿಹೋಗಿತ್ತು.

“ಇದನ್ನ ನಡೆಸೋನು ಯಾರಪ್ಪಾ?” ಮುದುಕಿ ಕೂಗಿದಳು.

“ತಾನೇ ಹಾರುತ್ತೆ ಅಜ್ಜಿ. ನಾನು ಬಿಷ್ಕೆಕ್‌ನಲ್ಲಿ ಕೂತು ನೋಡ್ಕೋತೀನಿ,” ಸ್ಪೀಕರಿನಲ್ಲಿ ಯುವಕನೊಬ್ಬನ ದನಿ. “ಇಂಥವು ಎಂಟಿವೆ ನನ್ನ ಮುಂದಿನ ಪರದೆಯಲ್ಲಿ.”

“ಎಂಟು ಕುದುರೆಗೆ ಒಬ್ಬನೇ ಸವಾರನಾ? ಬೆಟ್ಟದ ಮೇಲೆ ಗಾಳಿ ಎದ್ದಿದೆ. ನಿಂಗೆ ಭಯ ಆಗಲ್ವೇನೋ?”

“ನಂಗ್ಯಾಕೆ ಭಯ?” ಅವನು ನಕ್ಕ. “ನಾನು ನೆಲದ ಮೇಲಿದೀನಲ್ಲ!”

ಮುದುಕಿಯ ಬೊಗಸೆ ಕೆಳಗಿಳಿಯಿತು. ಬಾಗಿಲು ತಾನಾಗಿ ಮುಚ್ಚಿಕೊಳ್ಳತೊಡಗಿತು.

“ಅತ್ತೇ, ನನ್ನೇ ಹರಸಿ,” ಎಂದಳು ಬುರುಲ್. “ಇದ್ರಲ್ಲಿ ಹೋಗ್ತಿರೋಳು ನಾನೊಬ್ಳೇ.”

ಮುದುಕಿ ಮತ್ತೆ ಕೈಯೆತ್ತಿದಳು. ಮಾತು ಹೊರಡುವ ಮೊದಲೇ ಬಾಗಿಲು ಮುಚ್ಚಿತು. ಗಾಜಿನಾಚೆ ಸೊಸೆ, ಕೇಳಿಸದ ಹಾರೈಕೆಗೆ ಆಮಿನ್ ಎಂದು ಮುಖ ಸವರಿಕೊಳ್ಳುತ್ತಿದ್ದಳು.