ಬಿಳಿ ಹಡಗು ಯಾರಿಗೂ ಬೇಡ

ಕುರೆಕುಪ್ಪಕ್ಕೆ ಇನ್ನೂ ಮೂರು ಕಿಲೋಮೀಟರು ಇರುವಾಗ, ಹಳ್ಳದ ಮೇಲಿನ ಇಕ್ಕಟ್ಟು ಸೇತುವೆಯಲ್ಲಿ ಎರಡು ಲಾರಿಗಳು ಎದುರುಬದುರಾಗಿ ನಿಂತುಬಿಟ್ಟವು. ಲೋಡ್ ಗಾಡಿಗೆ ದಾರಿ ಬಿಡಬೇಕು ಎಂದ ಅದಿರು ತುಂಬಿಕೊಂಡು ಬಂದಿದ್ದ ಗುಡ್ಡಪ್ಪ. ಸೇತುವೆಗೆ ಮೊದಲು ಬಂದವನು ತಾನು ಎಂದ ಖಾಲಿ ಲಾರಿಯ ಮಾರೇಶ್. ಯಾರಾದರೊಬ್ಬರು ಹತ್ತು ಅಡಿ ಹಿಂದೆ ಸರಿದರೆ ಮುಗಿಯುವ ಕೆಲಸ. ಆದರೆ ಹತ್ತು ಅಡಿ ಸರಿದವನ ಮರ್ಯಾದೆ ಎಷ್ಟು ದೂರ ಹೋಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಇಂಜಿನ್ ಬಂದ್ ಮಾಡಿ, ಕೆಳಗಿಳಿದು, ಒಂದೇ ಕಡ್ಡಿಯಲ್ಲಿ ಬೀಡಿ ಹಚ್ಚಿಕೊಂಡರು.

ಗುಡ್ಡಪ್ಪನ ಲಾರಿಯ ಹಿಂದೆ ಆಟೋದಲ್ಲಿ ಕುಳಿತಿದ್ದ ಶುಭಾ ಗಡಿಯಾರ ನೋಡಿಕೊಂಡಳು. ಒಂಬತ್ತೂವರೆ. ಅವಳು ಸಂಡೂರಿನ ಖಾಸಗಿ ಶಾಲೆಯೊಂದರಲ್ಲಿ ಟೀಚರು. ಹೋದ ವಾರ ಸಮಾಜ ಪಾಠದ ನಡುವೆ ಗಣಿ ಧಣಿಯ ಮಗ ಬೆಂಚಿನ ಮೇಲೆ ಕಡಲುಗಳ್ಳರ ಆಟ ಹರಡಿಕೊಂಡು ಕುಳಿತಿದ್ದ. ಸಿಂಗಪುರದಿಂದ ತರಿಸಿದ ಆಟ. ಶುಭಾ ಕಿತ್ತಿಟ್ಟುಕೊಂಡಳು. ಶಾಲೆಗೆ ಹೊಸ ಕಟ್ಟಡ ಕಟ್ಟಿಸಿಕೊಡುತ್ತಿರುವವರೂ ಅದೇ ಧಣಿಯೇ. ಇವತ್ತು ಹತ್ತು ಗಂಟೆಯೊಳಗೆ ಕುರೆಕುಪ್ಪದಲ್ಲಿರುವ ಅವರ ಅದಿರು ಯಾರ್ಡಿಗೆ ಹೋಗಿ ಆಟದ ಪೆಟ್ಟಿಗೆಯನ್ನೂ ಕ್ಷಮಾಪಣೆ ಪತ್ರವನ್ನೂ ಕೊಡದಿದ್ದರೆ ನಾಳೆಯಿಂದ ಬರುವುದೇ ಬೇಡ ಎಂದಿದ್ದರು ಹೆಡ್‌ಮಾಸ್ಟರು. ಪತ್ರವನ್ನೂ ಅವರೇ ಹೇಳಿ ಬರೆಸಿದ್ದರು: ‘ಇನ್ನೊಬ್ಬರ ಸ್ವತ್ತನ್ನು ಅನುಮತಿಯಿಲ್ಲದೆ ತೆಗೆದುಕೊಂಡದ್ದು ನನ್ನ ತಪ್ಪು. ಕ್ಷಮಿಸಬೇಕು.’ ಸಹಿ ಮಾತ್ರ ಧಣಿಯ ಕಣ್ಣೆದುರೇ ಹಾಕಬೇಕಂತೆ. ಬರೆಯುವಾಗ ಶುಭಾಳ ಮೈಯೆಲ್ಲ ಉರಿದಿತ್ತು. ಆದರೆ ಮನೆ ನಡೆಯುತ್ತಿದ್ದುದು ಆ ನೌಕರಿಯಿಂದಲೇ.

ಅವಳು ಇಳಿದು ಮುಂದೆ ಬಂದಳು.

“ಯಾರರೆ ಒಬ್ಬರು ಹಿಂದ ತಗೀರಿ. ಹತ್ತಕ್ಕ ನಾನು ಯಾರ್ಡ್ ಮುಟ್ಟಬೇಕು.”

“ನಾನೂ ಅದಾ ಯಾರ್ಡಿಗೆ ಹೊಂಟೀನಿ. ನಾ ಅಂತೂ ತೆಗ್ಯಂಗಿಲ್ರಿ ಮೇಡಮ್,” ಎಂದ ಗುಡ್ಡಪ್ಪ.

“ನನಗ ಹಿಂದ ಹೋಗಾದು ರೂಢಿನಾ ಇಲ್ರಿ,” ಎಂದ ಮಾರೇಶ್.

“ಹಂಗಾದ್ರ ಆಟದಾಗ ಸೋತವರು ಹಿಂದ ತಗೀರಿ,” ಎಂದು ಶುಭಾ ಆಟೋದಿಂದ ಪೆಟ್ಟಿಗೆ ತಂದು ಸೇತುವೆಯ ಕಟ್ಟೆಯ ಮೇಲೆ ಬಿಚ್ಚಿದಳು. ಮಕ್ಕಳಿಂದ ಕಿತ್ತಿಟ್ಟುಕೊಂಡದ್ದು ಏನೇ ಇರಲಿ, ಪೂರ್ತಿ ಓದದೆ ಬಿಡುವವಳಲ್ಲ ಅವಳು. ನಿಯಮಗಳೆಲ್ಲ ಬಾಯಿಪಾಠವಾಗಿದ್ದವು. ನೀಲಿ ಹಲಗೆ ಸಮುದ್ರ. ಬಿಳಿ ಹಾಯಿಯದು ವ್ಯಾಪಾರದ ಹಡಗು. ಸರಕು ಹೇರಿಕೊಂಡು ದ್ವೀಪ ಮುಟ್ಟಬೇಕು. ಕಪ್ಪು ಬಾವುಟದ್ದು ಕಳ್ಳರ ಹಡಗು, ನಡುದಾರಿಯಲ್ಲಿ ಅಡ್ಡಗಟ್ಟಬೇಕು. ಇಕ್ಕಟ್ಟಿನಲ್ಲಿ ಎರಡೂ ಎದುರಾದರೆ ಜೋಡಿ ದಾಳ ಹಾಕಬೇಕು. ಕಡಿಮೆ ಬಿದ್ದವನು ಮೂರು ಮನೆ ಹಿಂದೆ ಸರಿದು ಸರಕನ್ನು ಗೆದ್ದವನಿಗೆ ಒಪ್ಪಿಸಬೇಕು.

ಇಬ್ಬರೂ ಬೀಡಿ ಆರಿಸಿ ಗಂಭೀರವಾಗಿ ಕೇಳಿಸಿಕೊಂಡರು. ಆಮೇಲೆ ಇಬ್ಬರೂ ಒಟ್ಟಿಗೇ ಕಪ್ಪು ಬಾವುಟಕ್ಕೆ ಕೈ ಹಾಕಿದರು.

“ಒಬ್ಬರು ಬಿಳೀದು ತಗೋಬೇಕ್ರಿ.”

“ಬ್ಯಾಡ್ರಿ.”

“ಇಬ್ಬರೂ ಕಳ್ಳರಾದ್ರ ಆಟ ನಡ್ಯೋದಿಲ್ಲ.”

“ಭಾಳ ಚೊಲೊ ನಡೀತೈತ್ರಿ ಮೇಡಮ್,” ಎಂದ ಮಾರೇಶ್. “ಚೀನಾಕ್ಕ ಅದಿರು ಹೋಗಾಕ ಶುರು ಆದಾಗಿಂದ ನಮ್ಮ ಕಡೆ ಹಂಗಾ ನಡದೈತಿ.”

ಲೋಡ್ ಇದ್ದವನು ಎಂಬ ಕಾರಣಕ್ಕೆ ಕೊನೆಗೆ ಬಿಳಿ ಹಡಗು ಗುಡ್ಡಪ್ಪನ ಪಾಲಿಗೇ ಬಂತು. ಮುಖ ಸಪ್ಪಗೆ ಮಾಡಿಕೊಂಡು ದಾಳ ಉರುಳಿಸಿದ. ಏಳು. ಮಾರೇಶ್ ಉರುಳಿಸಿದ. ಒಂಬತ್ತು. ಗುಡ್ಡಪ್ಪ ದಾಳಗಳನ್ನು ತಿರುವಿ ತಿರುವಿ ನೋಡಿದ, ತಕರಾರು ಎತ್ತಲಿಲ್ಲ. ಹಿಂದಿನ ಆಟೋವನ್ನು ಸರಿಸಿ, ಲಾರಿ ಹತ್ತಿ, ಮೂರು ಮನೆ ಎಂದರೆ ಮೂವತ್ತು ಅಡಿ ಎಂದು ತಾನೇ ಲೆಕ್ಕ ಹಿಡಿದು ಅಷ್ಟೂ ಹಿಂದೆ ಹೋದ.

ಸೇತುವೆ ದಾಟಿ ಬಂದ ಮಾರೇಶ್ ಅವನ ಪಕ್ಕದಲ್ಲೇ ಲಾರಿ ನಿಲ್ಲಿಸಿದ.

“ಸರಕು ಒಪ್ಪಿಸಣ್ಣಾ.”

ಗುಡ್ಡಪ್ಪ ಕಿಟಕಿಯಿಂದಲೇ ಅದಿರು ಸಾಗಣೆಯ ಪರ್ಮಿಟ್ ಚಾಚಿದ. “ತಗೊ.”

ಮಾರೇಶ್ ಅದನ್ನು ಹಿಂದೆ ಮುಂದೆ ನೋಡಿದ. “ಮಾಲೀಕರ ಹೆಸರಿನ ಜಾಗ ಖಾಲಿ ಐತಲ್ಲಣ್ಣ?”

“ಯಾವಾಗ್ಲೂ ಖಾಲಿನಾ. ಯಾರ್ಡಿನಾಗ ಧಣೇರು ಬರಸ್ತಾರ.”

ಆಟೋದ ಬಳಿ ನಿಂತಿದ್ದ ಶುಭಾ ಕೇಳಿದಳು. “ಯಾವ ಗುಡ್ಡದ ಅದಿರ್ರಿ ಇದು?”

“ಫಾರೆಸ್ಟ್ ಗುಡ್ಡದ್ದುರಿ.”

“ಫಾರೆಸ್ಟಿನವರನ್ನ ಕೇಳಿ ತಂದ್ರ್ಯಾ?”

“ಹಂಗೆಲ್ಲ ಕೇಳೋ ಪದ್ಧತಿ ಇಲ್ರಿ ಮೇಡಮ್,” ಎಂದ ಗುಡ್ಡಪ್ಪ, ಟೀಚರಿಗೆ ಇಷ್ಟೂ ತಿಳಿಯದೇ ಎನ್ನುವ ಮರುಕದಲ್ಲಿ. ಮಾರೇಶ್ ಪರ್ಮಿಟ್ ವಾಪಸು ಕೊಟ್ಟು, ಹಾರ್ನ್ ಹೊಡೆದು ಹೊರಟುಹೋದ.

ಹತ್ತಕ್ಕೆ ಇನ್ನೂ ಹದಿನೈದು ನಿಮಿಷವಿತ್ತು. ದಾರಿ ತೆರವಾಗಿತ್ತು. ಶುಭಾ ಚೀಲದಿಂದ ಪತ್ರ ತೆಗೆದು ಮತ್ತೊಮ್ಮೆ ಓದಿದಳು. ನಾಳೆಯದನ್ನು ನೆನೆದು ಹೆದರಿಕೆಯಾಯಿತು. ಆದರೂ ನಗು ತಡೆಯಲಾಗಲಿಲ್ಲ. ಹಡಗು, ದಾಳ, ಹಲಗೆ ಎಲ್ಲವನ್ನೂ ಎಣಿಸಿ ಪೆಟ್ಟಿಗೆಗೆ ತುಂಬಿ ಗುಡ್ಡಪ್ಪನ ಕೈಗೆ ಕೊಟ್ಟಳು.

“ಇದನ್ನ ನಿಮ್ಮ ಧಣೇರಿಗೆ ಮುಟ್ಟಸ್ರಿ. ಈ ಪತ್ರಾನ ಪರ್ಮಿಟ್ಟಿನ ಜೊತೀಗೆ ಇಡ್ರಿ.”

ಗುಡ್ಡಪ್ಪ ಅಕ್ಷರ ಕೂಡಿಸಿಕೊಂಡು ಪತ್ರವನ್ನು ಕೊನೆಯವರೆಗೂ ಓದಿದ.

“ಇದರಾಗೂ ಸಹಿ ಜಾಗ ಖಾಲಿ ಐತಲ್ರಿ?”

“ಅದನ್ನೂ ಧಣೇರಾ ತುಂಬ್ಲಿ,” ಎಂದು ಶುಭಾ ಆಟೋ ಹತ್ತಿ, ಶಾಲೆಯ ಕಡೆಗೆ ತಿರುಗಿಸಲು ಹೇಳಿದಳು.